ಮನುಷ್ಯರಿಲ್ಲದ ಆಲ್ಬಮ್

ಕಳೆದ ಮಳೆಗಾಲದಲ್ಲಿ ಮಾನ್ವಿಯ ನಮ್ಮ ಮನೆಯ ಮಾಳಿಗೆ ಸೋರಿ, ಅಟ್ಟದ ಮೇಲಿದ್ದ ಹಳೆಯ ಟ್ರಂಕನ್ನು ಕೆಳಗಿಳಿಸಬೇಕಾಯಿತು. ಅದರೊಳಗೆ ಮದ್ರಸದ ಕಾಲದ ಕಿತಾಬುಗಳು, ನನ್ನ ಬಿ.ಎ. ಅಂಕಪಟ್ಟಿಗಳು, ತಂದೆಯವರ ಒಂದು ರುಮಾಲು ಮತ್ತು ಒಂದು ಫೋಟೋ ಆಲ್ಬಮ್ ಇದ್ದವು. ಆಲ್ಬಮಿನ ಹಾಳೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಪಿಯುಸಿ ಓದುತ್ತಿರುವ ನನ್ನ ಮಗಳು ಫ್ಯಾನಿನ ಕೆಳಗೆ ಚಾಪೆ ಹಾಸಿ, ಫೋಟೋಗಳನ್ನು ಒಂದೊಂದಾಗಿ ಬಿಡಿಸಿ ಹರವತೊಡಗಿದಳು. ಐವತ್ತು ಅರುವತ್ತು ಫೋಟೋ ಆದ ಮೇಲೆ ತಲೆಯೆತ್ತಿ ಕೇಳಿದಳು:

“ಅಬ್ಬಾ, ಇಷ್ಟು ಫೋಟೋ ಅದಾವ, ಒಂದ್ರಾಗೂ ಮನುಷ್ಯಾರೇ ಇಲ್ಲಲ್ಲ! ಆವಾಗ ಊರಾಗ ಮಂದಿ ಇರ್ತಿದ್ದಿಲ್ಲೇನು?”

ನಗಬೇಕೆಂದುಕೊಂಡೆ, ಆಗಲಿಲ್ಲ. ಅವಳು ಹೇಳಿದ್ದು ನಿಜ. ನದಿ ಇದೆ, ಬಂಡೆಗಳಿವೆ, ತೆನೆ ಬಿಟ್ಟ ಜೋಳದ ಹೊಲವಿದೆ, ಎರೆ ಭೂಮಿಯ ಬಿರುಕುಗಳಿವೆ, ಮಸೀದಿಯ ಮಿನಾರು ಇದೆ. ಆದರೆ ಒಂದೇ ಒಂದು ಮುಖ ಇಲ್ಲ.

ನಾನು ಕ್ಯಾಮರಾ ಕೊಂಡದ್ದು 2002ರಲ್ಲಿ. ಮದ್ರಸದ ಓದು ಮುಗಿಸಿ ರಾಯಚೂರಿನಲ್ಲಿ ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದೆ, ಜೊತೆಗೆ ಬಿ.ಎ. ಪರೀಕ್ಷೆಗೂ ಕಟ್ಟಿದ್ದೆ. ಇತಿಹಾಸದ ಪಾಠ ಓದುತ್ತಾ ಓದುತ್ತಾ ನಮ್ಮೂರಿನ ಕೋಟೆ, ಬಾವಿ, ಶಿಲಾಶಾಸನಗಳ ಹುಚ್ಚು ಹಿಡಿಯಿತು. ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ ಕೊಡಕ್ ಕೆಬಿ 10 ಎಂಬ ಕ್ಯಾಮರಾ ತಂದೆ. ಅದರಲ್ಲಿ ದೂರ ಹತ್ತಿರ ಹೊಂದಿಸುವ ರಗಳೆ ಇರಲಿಲ್ಲ. ಕಣ್ಣಿಟ್ಟು ಒತ್ತಿದರೆ ಆಯಿತು. ಒಂದು ರೋಲಿನಲ್ಲಿ 36 ಫೋಟೋ. ಎರಡು ತಿಂಗಳಿಗೊಂದು ರೋಲ್ ಮುಗಿಸುವುದೇ ನನಗೆ ಭಾರವಾಗುತ್ತಿತ್ತು.

ಕ್ಯಾಮರಾ ತಂದ ಮರುದಿನ ನನ್ನ ಹಝ್ರತ್ (ನಮ್ಮ ಕಡೆ ಗುರುಗಳನ್ನು ಹಾಗೆಯೇ ಕರೆಯುತ್ತೇವೆ) ಅದನ್ನು ನೋಡಿದರು. ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡು ಒಂದು ಹದೀಸ್ ನೆನಪಿಸಿದರು. ಚಿತ್ರ ಬರೆದು ಬದುಕುತ್ತಿದ್ದ ಒಬ್ಬ ವ್ಯಕ್ತಿ ಇಬ್ನು ಅಬ್ಬಾಸ್(ರ)ರ ಬಳಿಗೆ ಬಂದು ತನ್ನ ಕಸುಬಿನ ಬಗ್ಗೆ ಕೇಳಿದಾಗ, ಬಿಡಲಾಗದಿದ್ದರೆ ಗಿಡಮರಗಳ, ಜೀವವಿಲ್ಲದ ವಸ್ತುಗಳ ಚಿತ್ರ ಬರೆದುಕೋ ಎಂದು ಅವರು ಹೇಳಿದ ಪ್ರಸಂಗ ಅದು. “ನಿನಗೂ ಅದೇ ಷರತ್ತು. ರೂಹ್ ಇರುವುದನ್ನು ತೆಗೆಯಬೇಡ. ಅಲ್ಲಾಹನ ದುನಿಯಾದಲ್ಲಿ ಬೇರೇನು ಕಡಿಮೆ ಇದೆಯೇ?” ಎಂದರು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದಷ್ಟೇ ಅಲ್ಲ, ಇಪ್ಪತ್ತೆರಡು ವರ್ಷದ ಹುಡುಗನ ಉತ್ಸಾಹದಲ್ಲಿ ಅವರು ಹೇಳಿದ್ದಕ್ಕಿಂತ ಒಂದು ಗೇಣು ಮುಂದೆಯೇ ಹೋದೆ.

ಎಷ್ಟು ಮುಂದೆ ಹೋದೆನೆಂದರೆ, ರಾಯಚೂರು ಕೋಟೆಯ ಶಾಸನದ ಫೋಟೋ ಇದೆಯಲ್ಲ, ಅದನ್ನು ನೋಡಬೇಕು. ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಅಧೀನದಲ್ಲಿದ್ದ ಗೋರೆ ಗಂಗಯ್ಯ 1294ರಲ್ಲಿ ಈ ಕೋಟೆ ಕಟ್ಟಿಸಿದನೆಂದು ಅದರ ಮೇಲೆ ಕೆತ್ತಲಾಗಿದೆ. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಎಂದು ಮುಂದಿನವರು ತಲೆ ಕೆಡಿಸಿಕೊಳ್ಳಬಾರದೆಂದೋ ಏನೋ, ಕೋಣಗಳ ಸಾಲು ಸಾಲು ಹೂಡಿ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಗೋಡೆಯ ಮೇಲೆ ಗೀರಿದ್ದಾರೆ. ಕ್ಯಾಮರಾ ಇಲ್ಲದ ಕಾಲದ ಫೋಟೋ ಎಂದರೆ ಅದೇ. ನನ್ನ ಆಲ್ಬಮಿನಲ್ಲಿ ಅಕ್ಷರಗಳು ಮಾತ್ರ ಇವೆ. ಏಳು ನೂರು ವರ್ಷದ ಹಿಂದಿನ ಕೋಣಗಳನ್ನು ನಾನು ಎಚ್ಚರಿಕೆಯಿಂದ ಚೌಕಟ್ಟಿನ ಹೊರಗೆ ಬಿಟ್ಟಿದ್ದೇನೆ!

ಏಕ್ ಮಿನಾರ್ ಮಸೀದಿಯ ಫೋಟೋಗೆ ಅಂಥ ಕಷ್ಟ ಬರಲಿಲ್ಲ. ಹಿಜರಿ 919, ಅಂದರೆ 1513ರಲ್ಲಿ ಬಹಮನಿ ಸುಲ್ತಾನ ಮಹಮೂದ್ ಷಾನ ಕಾಲದಲ್ಲಿ ಕಟ್ಟಿದ ಮಸೀದಿ. ಅಂಗಳದ ಮೂಲೆಯಲ್ಲಿ ಒಂದೇ ಮಿನಾರು, ಸುಮಾರು 65 ಅಡಿ ಎತ್ತರ. ಅದು ಎದ್ದು ನಿಂತ ಏಳನೆಯ ವರ್ಷಕ್ಕೆ, 1520ರಲ್ಲಿ, ಕೃಷ್ಣದೇವರಾಯನಿಗೂ ಇಸ್ಮಾಯೀಲ್ ಆದಿಲ್ ಷಾನಿಗೂ ಇದೇ ರಾಯಚೂರಿಗಾಗಿ ಯುದ್ಧ ನಡೆಯಿತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಪಾರ್ಸಿಯಲ್ಲಿ ದೋಆಬ್ ಎಂದರು, ಎರಡು ನೀರು ಎಂದು. ಎರಡು ನೀರಿನ ನಡುವೆ ಇದ್ದೂ ನಮ್ಮ ಜನ ಬರಗಾಲದಲ್ಲಿ ಗುಳೇ ಹೋದದ್ದನ್ನು ಯಾವ ಶಾಸನವೂ ಬರೆದಿಲ್ಲ.

ಇನ್ನೊಂದು ಫೋಟೋ ನೆನೆದರೆ ಈಗಲೂ ನಗು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟ ಮೇಲೆ ಮಾನ್ವಿ ಸುತ್ತಿನ ಭತ್ತದ ಗದ್ದೆಗಳು ಕನ್ನಡಿ ಹಾಸಿದಂತೆ ಕಾಣುತ್ತವೆ. ಅದನ್ನು ತೆಗೆದೆ. ತೊಳೆಸಿ ನೋಡಿದರೆ ಗದ್ದೆಯ ತುಂಬ ಬೆಳ್ಳಕ್ಕಿಗಳು! ಹಝ್ರತ್ ಫೋಟೋ ಹಿಡಿದು ಕನ್ನಡಕ ಸರಿಪಡಿಸಿಕೊಂಡು, “ಈ ಬಿಳಿ ಚುಕ್ಕೆಗಳೇನು?” ಎಂದರು. ನಾನು ತಲೆ ತಗ್ಗಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಕಣ್ಣು ಮೂಗು ಕಾಣುವುದಿಲ್ಲ, ಇರಲಿ” ಎಂದು ಹಿಂದಕ್ಕೆ ಕೊಟ್ಟರು. ತುಟಿಯಂಚಿನಲ್ಲಿ ನಗು ಇತ್ತು. ರೋಲ್ ತೊಳೆಯುತ್ತಿದ್ದ ಸ್ಟುಡಿಯೋದವನಂತೂ, “ಮೌಲ್ವಿ ಸಾಬ್ರ, ಮಂದಿ ಇಲ್ಲದ ರೋಲ್ ತರಾವ್ರು ನೀವು ಒಬ್ಬರೇ ನೋಡ್ರಿ” ಎನ್ನುತ್ತಿದ್ದ.

ಮಗಳು ಫೋಟೋ ಹರವುತ್ತಾ ಹೋದಳು. ಕೊನೆಯ ಹಾಳೆಗಳಲ್ಲಿ ಗೂಗಲ್ ಬಂತು.

ಗೂಗಲ್ ಎಂದೊಡನೆ ಅವಳು ನಕ್ಕಳು. ನನ್ನ ತರಗತಿಯ ಹುಡುಗರೂ ಹೀಗೆಯೇ ನಗುತ್ತಾರೆ. “ಸರ್, ಗೂಗಲ್‌ನಾಗ ಗೂಗಲ್ ಹುಡುಕಿದ್ರ ಸಿಗ್ತದೇನ್ರಿ?” ಎಂದು ಕೇಳುವವರಿದ್ದಾರೆ. ಅಮೆರಿಕದ ಆ ಕಂಪೆನಿ ಹುಟ್ಟಿದ್ದು 1998ರಲ್ಲಿ. ನಮ್ಮ ದೇವದುರ್ಗ ತಾಲೂಕಿನ ಗೂಗಲ್, ಕೃಷ್ಣಾ ದಂಡೆಯ ಮೇಲೆ ಅದಕ್ಕಿಂತ ಎಷ್ಟೋ ಶತಮಾನ ಮೊದಲಿನಿಂದ ಇದೆ. ಅಲ್ಲಮಪ್ರಭುಗಳ ದೇವಸ್ಥಾನ ಇರುವ ಊರು. ಅವರು ಇಲ್ಲಿ ತಂಗಿದ್ದರೆಂದು ಜನ ನಂಬುತ್ತಾರೆ. ಗವಿ ಮತ್ತು ಕಲ್ಲು ಸೇರಿ ಗೂಗಲ್ಲು ಆಯಿತೆನ್ನುವವರೂ ಇದ್ದಾರೆ. ಕಲ್ಲಿಗಂತೂ ಅಲ್ಲಿ ಬರವಿಲ್ಲ. ಕೃಷ್ಣೆ ಇಲ್ಲಿಂದ ಕೆಳಗೆ ಹರಿದು ಕಾಡ್ಲೂರಿನ ಹತ್ತಿರ ಭೀಮೆಯನ್ನು ಕೂಡಿಕೊಳ್ಳುತ್ತಾಳೆ. ಗೂಗಲ್‌ನ ಎದುರು ದಡ ಈಗ ಯಾದಗಿರಿ ಜಿಲ್ಲೆ. ನಾನು ಮೊದಲು ನೋಡಿದಾಗ ಅದಿನ್ನೂ ಗುಲ್ಬರ್ಗ ಜಿಲ್ಲೆಯೇ ಆಗಿತ್ತು.

ನನಗೆ ಆ ಊರು ತೋರಿಸಿದವರು ನನ್ನ ತಂದೆ. ನಾವು ಪಿಂಜಾರರು. ನನ್ನ ಮಗಳು ನನ್ನನ್ನು ಅಬ್ಬಾ ಎನ್ನುತ್ತಾಳೆ, ನಾನು ನನ್ನ ತಂದೆಯನ್ನು ಅಪ್ಪ ಎಂದೇ ಕರೆದವನು. ಅಪ್ಪ ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು, ಮರದ ಕೊಡತಿಯನ್ನು ಚೀಲದಲ್ಲಿ ಹಾಕಿಕೊಂಡು ಊರೂರು ಸುತ್ತುತ್ತಿದ್ದರು. ಹತ್ತಿ ಬಿಡಿಸುವ ಕಾಲ ಮುಗಿಯುತ್ತಿದ್ದಂತೆ ಅವರ ಹಂಗಾಮು ಶುರು. ಮಾನ್ವಿಯಿಂದ ಸಿರವಾರ, ದೇವದುರ್ಗ, ಅಲ್ಲಿಂದ ಗೂಗಲ್. ಗೂಗಲ್‌ನಲ್ಲಿ ನಾಲ್ಕು ದಿನ ಕೆಲಸ ಮಾಡಿ, ಹರಿಗೋಲಿನಲ್ಲಿ ಹೊಳೆ ದಾಟಿ ಆಚೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ಅಂಗಳದಲ್ಲಿ ಕೂತು ತಂತಿಗೆ ಕೊಡತಿ ಹೊಡೆದರೆ ಟೊಂಯ್ ಟೊಂಯ್ ಎಂಬ ನಾದ ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಗಡ್ಡೆಗಟ್ಟಿದ ಹಳೆಯ ಹತ್ತಿ ಮೋಡದಂತೆ ಮೇಲೇಳುತ್ತಿತ್ತು. ಸಂಜೆಗೆ ಅಪ್ಪನ ಹುಬ್ಬು, ಮೀಸೆ, ಗಡ್ಡ ಎಲ್ಲ ಬಿಳಿ. ಚಿಕ್ಕವನಿದ್ದಾಗ ಅಪ್ಪ ಬೆಳಿಗ್ಗೆ ಹೋಗಿ ಸಂಜೆಗೆ ಮುದುಕನಾಗಿ ಬರುತ್ತಾನೆಂದು ತಿಳಿದಿದ್ದೆ.

2004ರ ಜನವರಿ. ಆಗಲೇ ಹಿಂಜುವ ಯಂತ್ರಗಳು ಪೇಟೆಗಳಲ್ಲಿ ಬಂದಿದ್ದವು. ಬಿಲ್ಲಿನ ಕೆಲಸ ಕೇಳುವವರು ಹಳ್ಳಿಗಳಲ್ಲೂ ಕಡಿಮೆಯಾಗಿದ್ದರು. “ಇದೇ ಕೊನೀ ವರ್ಷ ಅನಸ್ತದ, ನೀನೂ ಒಮ್ಮೆ ಬಾ” ಎಂದರು ಅಪ್ಪ. ನನಗೆ ಮದ್ರಸಕ್ಕೆ ಎರಡು ದಿನ ರಜೆ ಸಿಕ್ಕಿತ್ತು. ಕ್ಯಾಮರಾದಲ್ಲಿ ಇನ್ನು ಕೆಲವೇ ಫೋಟೋ ಉಳಿದಿದ್ದವು.

ಗೂಗಲ್ ತಲುಪಿದಾಗ ಮಧ್ಯಾಹ್ನ. ಹೊಳೆಯಲ್ಲಿ ನೀರು ತಗ್ಗಿ ಕರಿಬಂಡೆಗಳು ಬೆನ್ನು ತೋರಿಸುತ್ತಿದ್ದವು. ನಡುವೆ ಮೂರು ನಾಲ್ಕು ಸೀಳಾಗಿ ನೀಲಿ ನೀರು. ಅಂಬಿಗರ ಅಜ್ಜ ಹರಿಗೋಲನ್ನು ಮಗುಚಿ ಹಾಕಿ ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಅಪ್ಪನನ್ನು ನೋಡಿದವನೇ, “ಬರ್ರಿ ಸಾಹೇಬ್ರ, ಈ ಸಲ ತಡಾ ಆತಲ್ಲ” ಎಂದ. ಅವನು ಇಪ್ಪತ್ತು ವರ್ಷಗಳಿಂದ ಅಪ್ಪನ ಹತ್ತಿರ ದಾಟುವ ದುಡ್ಡು ತೆಗೆದುಕೊಂಡಿಲ್ಲವಂತೆ. ಬದಲಿಗೆ ವರ್ಷಕ್ಕೊಮ್ಮೆ ಅವನ ಮನೆಯ ತಲೆದಿಂಬುಗಳನ್ನೆಲ್ಲ ಅಪ್ಪ ಹಿಂಜಿ ಕೊಡುತ್ತಿದ್ದರು. ಬರವಣಿಗೆ ಇಲ್ಲ, ಲೆಕ್ಕ ಇಲ್ಲ. ಇಬ್ಬರಿಗೂ ನೆನಪಿತ್ತು, ಅಷ್ಟೇ.

ಅಸರ್‌ನ ಹೊತ್ತಿಗೆ ನಾವಿಬ್ಬರೂ ಹೊಳೆಯ ಅಂಚಿನ ಒಂದು ದೊಡ್ಡ ಬಂಡೆಯ ಮೇಲೆ ಹೋಗಿ ನಿಂತೆವು. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ನೀರು, ಬಂಡೆ, ಆಚೆಯ ದಡದ ಜಾಲಿ ಗಿಡಗಳು ಎಲ್ಲಕ್ಕೂ ಹೊನ್ನಿನ ಬಣ್ಣ. ನಾನು ಕ್ಯಾಮರಾ ಎತ್ತಿದೆ.

ಆಗ ಅಪ್ಪ, ಎಂದೂ ಏನನ್ನೂ ಕೇಳದವರು, ಸ್ವಲ್ಪ ನಾಚಿಕೊಂಡು, “ತಮ್ಮಾ, ನಂದೂ ಒಂದು ತೆಗಿಯಲ್ಲ. ಹೊಳಿ ಹಿಂದ ಕಾಣಂಗ” ಎಂದರು. ರುಮಾಲು ಸರಿಮಾಡಿಕೊಂಡು, ಬಿಲ್ಲನ್ನು ಹೆಗಲ ಮೇಲೆ ನೆಟ್ಟಗೆ ಹಿಡಿದು ನಿಂತೂಬಿಟ್ಟರು.

ನಾನು ಕ್ಯಾಮರಾ ಕೆಳಗಿಳಿಸಿದೆ. “ಅಪ್ಪಾ, ಅದು ಸರಿಯಲ್ಲ. ಜೀವ ಇರೋದರ ತಸ್ವೀರ್ ತೆಗೀಬಾರದು” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಿತಾಬಿನ ಹೆಸರು ಹೇಳಿ, ಅರಬಿಯಲ್ಲಿ ಹೇಳಿ, ಕನ್ನಡದಲ್ಲಿ ಹೇಳಿ ಐದು ನಿಮಿಷ ಅವರಿಗೆ ಪಾಠ ಮಾಡಿದೆ. ಅಪ್ಪ ಓದಿದವರಲ್ಲ. ಆದರೆ ನನ್ನ ಮದ್ರಸದ ಎಂಟು ವರ್ಷಗಳ ಖರ್ಚು ಆ ಬಿಲ್ಲಿನಿಂದಲೇ ಬಂದದ್ದು. ಅವರು ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ನಕ್ಕು, “ಹೌದಾ? ಆತು ಬಿಡು. ಹೊಳೀದ ತೆಗಿ” ಎಂದು ಪಕ್ಕಕ್ಕೆ ಸರಿದು ನಿಂತರು.

ನಾನು ಹೊಳೆಯ ಫೋಟೋ ತೆಗೆದೆ.

ಅವರು ಹೊಳೆಯ ನೀರಿನಲ್ಲಿ ವುಝೂ ಮಾಡಲು ಕೂತಾಗ ಅಂಬಿಗರ ಅಜ್ಜ ದೂರದಿಂದಲೇ, “ಸಾಹೇಬ್ರ, ಮುಂದ ಹೋಗಬ್ಯಾಡ್ರಿ, ಮೊಸಳಿ ಅದಾವ” ಎಂದು ಕೂಗಿ ಹೇಳಿದ. ಅದೇ ಬಂಡೆಯ ಮೇಲೆ ರುಮಾಲು ಹಾಸಿ ನಮಾಝ್ ಮಾಡಿದೆವು. ಅಪ್ಪನೇ ನನ್ನನ್ನು ಇಮಾಮತ್‌ಗೆ ಮುಂದೆ ನಿಲ್ಲಿಸಿದರು.

2008ರ ರಮಝಾನಿನಲ್ಲಿ ಅಪ್ಪ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್‌ಫಿರತ್ ದಯಪಾಲಿಸಲಿ. ಮೂರನೆಯ ದಿನ ನನ್ನ ತಂಗಿ ಮೆಲ್ಲಗೆ ಕೇಳಿದಳು: “ಅಣ್ಣಾ, ನಿನ್ನ ಹತ್ರ ಕ್ಯಾಮರಾ ಇತ್ತಲ್ಲ, ಅಪ್ಪಂದು ಒಂದೂ ಇಲ್ಲೇನು?” ಇದ್ದದ್ದು ಮತದಾರರ ಗುರುತಿನ ಚೀಟಿಯಲ್ಲಿನ ಫೋಟೋ ಒಂದೇ. ಹೆಬ್ಬೆರಳಿನ ಉಗುರಿನಷ್ಟು. ಅದರಲ್ಲಿ ಅಪ್ಪ ಗಾಬರಿಬಿದ್ದು ನೋಡುತ್ತಿದ್ದಾರೆ, ಯಾರೋ ಏನೋ ಕದ್ದೆಯೆಂದು ಹಿಡಿದು ನಿಲ್ಲಿಸಿದ ಹಾಗೆ. ಅದು ಅಪ್ಪನ ಮುಖವೇ ಅಲ್ಲ.

ಮುಂದಿನ ವರ್ಷ, 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆ ನಮ್ಮ ಭಾಗದವರಿಗೆ ಮರೆಯುವಂಥದ್ದಲ್ಲ. ತುಂಗಭದ್ರೆ ಉಕ್ಕಿ ಆಚೆ ದಡದ ಮಂತ್ರಾಲಯಕ್ಕೇ ನೀರು ನುಗ್ಗಿತ್ತು. ಎಷ್ಟು ಮಣ್ಣಿನ ಮನೆಗಳು ಕೂತುಬಿಟ್ಟವೋ! ನಮ್ಮ ಮನೆಯ ಹಿಂದಿನ ಗೋಡೆ ಕುಸಿದು ನೆಗೆಟಿವ್‌ಗಳ ಡಬ್ಬಿ, ಅಪ್ಪನ ಬಿಲ್ಲು ಎರಡೂ ಹೋದವು. ಬಿಲ್ಲಿನ ಮರ ಹಸಿ ಮಣ್ಣಿನಡಿ ಎರಡಾಗಿ ಸಿಕ್ಕಿತು. ಉಳಿದದ್ದು ಆಲ್ಬಮ್ ಮಾತ್ರ.

ನಾನು ಹಝ್ರತ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. “ಅಪ್ಪ ಏನೆಂದರು?” ಎಂದು ಕೇಳಿದರು. “ನಕ್ಕರು” ಎಂದೆ. “ಹಾಗಾದರೆ ದುಆ ಮಾಡುತ್ತಿರು” ಎಂದರು. ಸ್ವಲ್ಪ ತಡೆದು, “ಹಜ್‌ಗೆ ಹೋಗುವಾಗ ನಾನೂ ಫೋಟೋ ತೆಗೆಸಿಕೊಂಡವನೇ” ಎಂದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ವಿಷಯದಲ್ಲಿ ಉಲಮಾಗಳ ಅಭಿಪ್ರಾಯ ಒಂದೇ ಆಗಿಲ್ಲವೆಂದು ಓದುಗರಿಗೆ ಗೊತ್ತಿದೆ. ಅವಶ್ಯಕತೆ ಇದ್ದಾಗ ಮಾತ್ರ ಎನ್ನುವವರಿದ್ದಾರೆ, ಕ್ಯಾಮರಾ ಚಿತ್ರ ಕೈಯಲ್ಲಿ ಬರೆದ ಚಿತ್ರದಂತಲ್ಲ ಎನ್ನುವವರಿದ್ದಾರೆ. ನೂರು ವರ್ಷಗಳ ಹಿಂದೆ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಇದರ ಬಗ್ಗೆ ಒಂದು ಪುಸ್ತಿಕೆಯನ್ನೇ ಬರೆದಿದ್ದರು. ಫೋಟೋ ಎಂದರೆ ಹೊಸದಾಗಿ ರೂಪವನ್ನು ಸೃಷ್ಟಿಸುವುದಲ್ಲ, ಅಲ್ಲಾಹನು ಸೃಷ್ಟಿಸಿದ್ದರ ನೆರಳನ್ನು ತಡೆದು ನಿಲ್ಲಿಸುವುದು ಎಂಬುದು ಅವರ ವಾದ. ಅದನ್ನು ನಾನು ಓದಿದ್ದು ಅಪ್ಪ ಹೋದ ಎಷ್ಟೋ ವರ್ಷಗಳ ಮೇಲೆ. ಫತ್ವಾ ಕೊಡುವ ಯೋಗ್ಯತೆ ನನ್ನದಲ್ಲ. ಆದರೆ ಹಝ್ರತ್ ಹೇಳಿದ್ದನ್ನು ಅಪ್ಪನಿಗೆ ಹೇಳಿದ ನನ್ನ ಧಾಟಿ ಇದೆಯಲ್ಲ, ಅದನ್ನು ಯಾವ ಕಿತಾಬೂ ನನಗೆ ಕಲಿಸಿರಲಿಲ್ಲ. ಅದು ನನ್ನದೇ.

“ಅಬ್ಬಾ, ಇದ್ರಾಗ ಯಾರೋ ಅದಾರ!” ಎಂದಳು ಮಗಳು.

ಗೂಗಲ್‌ನ ಹೊಳೆಯ ಫೋಟೋ ಅವಳ ಕೈಯಲ್ಲಿತ್ತು. ಅದನ್ನು ಅದೆಷ್ಟು ಸಲ ನೋಡಿದ್ದೆನೋ! ನೀರು, ದಡ, ಬೆಳಕು ನೋಡುತ್ತಿದ್ದೆ. ಬಂಡೆಯ ಕೆಳಗಿನ ಭಾಗದ ಕಪ್ಪನ್ನು ನೋಡಿರಲಿಲ್ಲ. ಬಂಡೆಯೂ ಕಪ್ಪು, ಫೋಟೋವೂ ಮಾಸಿದೆ. ಅವಳು ತನ್ನ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಬಂಡೆಯ ಮೇಲೆ ಎರಡು ನೆರಳುಗಳು ನೀರಿನ ಕಡೆಗೆ ಉದ್ದಕ್ಕೆ ಚಾಚಿಕೊಂಡಿವೆ. ಒಂದಕ್ಕೆ ಎರಡೂ ಮೊಣಕೈ ಮೇಲೆದ್ದಿವೆ, ಅದು ಕ್ಯಾಮರಾ ಹಿಡಿದ ನಾನು. ಇನ್ನೊಂದು ಪಕ್ಕದಲ್ಲಿ ಸುಮ್ಮನೆ ನಿಂತಿದೆ. ತಲೆಯ ಮೇಲೆ ರುಮಾಲಿನ ಉಬ್ಬು. ಹೆಗಲಿನಿಂದ ಮೇಲಕ್ಕೆ ಉದ್ದನೆಯ ಒಂದು ಗೆರೆ, ಅದರ ತುದಿ ಬಾಗಿದೆ.

ಮಕ್ಕಳಿಗೆ ನಮಾಝಿನ ವೇಳೆಗಳನ್ನು ಕಲಿಸುವಾಗ ನಾನು ಅಂಗಳದಲ್ಲಿ ಕೋಲು ನೆಟ್ಟು ತೋರಿಸುತ್ತೇನೆ. ನಡು ಮಧ್ಯಾಹ್ನದ ನೆರಳನ್ನು ಬಿಟ್ಟು, ಕೋಲಿನ ನೆರಳು ಕೋಲಿನ ಎರಡರಷ್ಟಾದರೆ ಹನಫಿಗಳಿಗೆ ಅಸರ್ ಆಯಿತೆಂದು ಲೆಕ್ಕ. ಇಪ್ಪತ್ತು ವರ್ಷ ಕೋಲಿನ ನೆರಳು ಅಳೆಯುತ್ತಾ ಬಂದವನಿಗೆ ಮನೆಯ ಟ್ರಂಕಿನಲ್ಲಿದ್ದ ನೆರಳು ಕಾಣಲಿಲ್ಲ. ಅಪ್ಪನ ನೆರಳು ಅವರಿಗಿಂತ ಮೂರು ಪಟ್ಟು ಉದ್ದವಿದೆ. ಹೌದು, ಅಸರ್ ಆಗಿತ್ತು.

ಕಳೆದ ಜನವರಿಯಲ್ಲಿ ಮಗಳನ್ನು ಕರೆದುಕೊಂಡು ಗೂಗಲ್‌ಗೆ ಹೋದೆ. ಮಾನ್ವಿಯಿಂದ ಬಸ್ಸು, ದೇವದುರ್ಗದಿಂದ ಆಟೋ. ದಾರಿಯುದ್ದಕ್ಕೂ ಹತ್ತಿ ಬಿಡಿಸಿದ ಬರಿ ಕಟ್ಟಿಗೆಯ ಹೊಲಗಳು, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಲ್ಲಿ ಹಸಿರು. ಗೂಗಲ್‌ನಲ್ಲಿ ಈಗ ಹೊಳೆಗೆ ಅಡ್ಡಲಾಗಿ ಸೇತುವೆ ಸಹಿತ ಬ್ಯಾರೇಜ್ ಇದೆ. ಹರಿಗೋಲಿನಲ್ಲಿ ಹೆದರುತ್ತಾ ದಾಟುತ್ತಿದ್ದ ಹೊಳೆಯನ್ನು ಜನ ಮೋಟರ್ ಸೈಕಲ್ಲಿನಲ್ಲಿ ಮಾತಾಡುತ್ತಾ ದಾಟುತ್ತಾರೆ. ಒಳ್ಳೆಯದೇ ಆಗಿದೆ. ಹೆರಿಗೆ ನೋವಿನ ಹೆಂಗಸನ್ನು ಹರಿಗೋಲಿಗೆ ಹತ್ತಿಸುವ ಪಾಡು ಇನ್ನಿಲ್ಲ. ಆದರೆ ನಮ್ಮ ಬಂಡೆ ಸಿಗಲಿಲ್ಲ. ನಿಂತ ನೀರು ದಡದವರೆಗೆ ತುಂಬಿತ್ತು. ಫೋಟೋ ಹಿಡಿದುಕೊಂಡು ಆಚೆ ದಡದ ಗುರುತು ಹೊಂದಿಸಿ ನೋಡಿದೆವು. ಇಲ್ಲೇ ಇರಬೇಕು, ನೀರಿನೊಳಗೆ.

ಅಂಬಿಗರ ಮನೆ ಕೇಳಿಕೊಂಡು ಹೋದೆವು. ಅಜ್ಜ ತೀರಿಕೊಂಡು ಬಹಳ ವರ್ಷವಾಗಿದೆ. ಮೊಮ್ಮಗನಿಗೆ ಏನೂ ಗೊತ್ತಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಮಾತ್ರ ನಾನು ಹೇಳಿದ್ದನ್ನು ಕೇಳಿ, ಕೈಯಿಂದ ಗಾಳಿಯಲ್ಲಿ ತಂತಿ ಮೀಟಿ ತೋರಿಸಿ, “ಹಿಂಜಾ ಸಾಹೇಬ್ರೇನು? ಟೊಂಯ್ ಟೊಂಯ್?” ಎಂದಳು. ನನ್ನ ಮಗಳು ಫೋಟೋ ಕೊಟ್ಟಳು. ಅಜ್ಜಿಗೆ ಕಣ್ಣು ಮಂಜು. ಬಿಸಿಲಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿ, “ಮಾರಿ ಎಲ್ಲೈತವ್ವ ಇದ್ರಾಗ?” ಎಂದು ಕೇಳಿದಳು. ಮಗಳು ನನ್ನ ಕಡೆ ನೋಡಿದಳು. “ಮಾರಿ ಇಲ್ಲಮ್ಮ, ನೆಳ್ಳು ಅದ” ಎಂದೆ. ಅಜ್ಜಿ ಬಿಲ್ಲಿನ ಗೆರೆಯ ಮೇಲೆ ಬೆರಳಾಡಿಸಿ, “ಇದು ಅವರದ ಬಿಡು” ಎಂದು ಹಿಂದಕ್ಕೆ ಕೊಟ್ಟಳು. ಕುಡಿಯಲು ನೀರು ತರಿಸಿ, ಚಹಾ ಕುಡಿಯದೆ ಏಳಬಾರದೆಂದಳು.

ಮರಳಿ ಸೇತುವೆಯ ಮೇಲೆ ಬಂದಾಗ ಸಂಜೆ ಬಿಸಿಲು ಇಳಿಯುತ್ತಿತ್ತು. ಮಗಳು ಮೊಬೈಲ್ ತೆಗೆದು, “ಅಬ್ಬಾ, ಅಲ್ಲಿ ನಿಲ್ರಿ, ಹೊಳಿ ಹಿಂದ ಕಾಣಂಗ” ಎಂದಳು. ಅವಳಿಗೆ ಆ ಮಾತು ಗೊತ್ತಿರಲಿಲ್ಲ. ನಾನು ಅವಳಿಗೆ ಅದನ್ನು ಹೇಳಿರಲಿಲ್ಲ.

ನಿಂತೆ. ಸೂರ್ಯ ನೇರ ಮುಖಕ್ಕೆ ಬೀಳುತ್ತಿದ್ದ. ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡೇ ಬಂದಿದ್ದೇನೆ. “ಇನ್ನೊಂದು ತೆಗೀಲೇನು?” ಎಂದಳು. ಅಸರ್ ಆಗಿತ್ತು. ವುಝೂಗೆ ಜಾಗ ಹುಡುಕುತ್ತಾ ಇಬ್ಬರೂ ದಡಕ್ಕೆ ಇಳಿದೆವು.